ಯಮನೂರಮ್ಮನ ಮೌನ

ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಯಾಮಿನಿಯ ದನಿ ಸೀಳಿತು!

ಸಿಂಧನೂರಿನ ಕಾಲೇಜು ಮೈದಾನ. 1998ರ ಒಂದು ಸಂಜೆ. ಟೀವಿ ಸ್ಪರ್ಧೆಯಲ್ಲಿ ಗೆದ್ದ ಹುಡುಗಿಯನ್ನು ಕಣ್ಣಾರೆ ನೋಡಬೇಕೆಂದು ಸುತ್ತಲಿನ ವಲಸೆ ರೈತರ ಕ್ಯಾಂಪುಗಳಿಂದ ಟ್ರ್ಯಾಕ್ಟರ್ ತುಂಬಿಕೊಂಡು ಬಂದಿದ್ದ ಜನ. ಅವಳು ಮೈಕನ್ನು ಬಿಗಿಯಾಗಿ ಹಿಡಿದಳು. 'ಮುಗೀತು... ಇವತ್ತಿಗೆ ನನ್ನ ಕಥಿ ಮುಗೀತು...'

ಆಗಲೇ ಹಿಂದಿನಿಂದ ಕೀಬೋರ್ಡ್ ಮೆಲ್ಲಗೆ ಶ್ರುತಿ ಇಳಿಸಿತು. ಆ ತಗ್ಗಿದ ಸ್ವರ ಅವಳ ಗಂಟಲಿಗೆ ಸಲೀಸಾಗಿ ಸಿಕ್ಕಿತು. ಜನಕ್ಕೆ ಏನೂ ತಿಳಿಯಲಿಲ್ಲ. ಶಿಳ್ಳೆ, ಚಪ್ಪಾಳೆ!

ಹಾಡು ಮುಗಿದದ್ದೇ ತಡ, ಅವಳು ವೇದಿಕೆಯ ಹಿಂದೆ ನುಗ್ಗಿದಳು.

"ನನ್ನ ಶ್ರುತಿ ಇಳಿಸಾಕ ನೀ ಯಾರು?"

ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದವನು ತಲೆ ಎತ್ತಿದ. ಮಸ್ಕಿಯ ಪಂಪಣ್ಣ. ಚಾಂದ್‌ಪಾಷಾರ ಆರ್ಕೆಸ್ಟ್ರಾಕ್ಕೆ ಅದೇ ವಾರ ಸೇರಿದ್ದ.

"ನಿಮ್ಮ ಗಂಟಲು ನೋಯಾಕತ್ತಿತ್ತು, ಮೇಡಂ."

"ನನ್ನ ಗಂಟಲು ನನಗ ಗೊತ್ತೈತಿ!"

"ಗೊತ್ತಿದ್ರೂ ಅದರ ಮ್ಯಾಲ ಯಾಕ ಅಷ್ಟು ಸಿಟ್ಟು?"

ಗೆದ್ದ ಮೇಲೆ ಎಷ್ಟೋ ಜನ ಅವಳ ಹಸ್ತಾಕ್ಷರ ಕೇಳಿದ್ದರು. ನೋವಿನ ಬಗ್ಗೆ ಕೇಳಿದವನು ಇವನೊಬ್ಬನೇ...

ಯಾಮಿನಿ ಎಂಬುದು ಕ್ಯಾಸೆಟ್ ಕಂಪನಿ ಇಟ್ಟ ಹೆಸರು. ಅವಳು ಸಂತೆಕಲ್ಲೂರಿನ ಕರೆಮ್ಮನ ಮಗಳು ಯಮನೂರಮ್ಮ. ಅವ್ವನ ಕುರಿಗಳ ಹಿಂದೆ ಹಾಡುತ್ತಾ ಬೆಳೆದವಳು, ಲಿಂಗಸುಗೂರಿನ ಕಾಲೇಜಿನಿಂದ ಬೆಂಗಳೂರಿನ ಟೀವಿ ಸ್ಟುಡಿಯೋದವರೆಗೂ ಹೋಗಿ ಗೆದ್ದು ಬಂದಿದ್ದಳು. ಅವತ್ತು ಊರಲ್ಲಿ ಜೀಪಿನ ಮೇಲೆ ಮೆರವಣಿಗೆ!

"ಯಮನೂರಮ್ಮ ಅಂತ ಪಾಪ್ ಸಿಂಗರ್ ಇರ್ತಾರೇನ್ರೀ?" ಎಂದು ಕಂಪನಿಯವರು ನಕ್ಕಿದ್ದರು. ಮಿಂಚುವ ಜಾಕೀಟು ತೊಡಿಸಿದರು. ಎತ್ತರದ ಸ್ವರವೇ ಈಗ ನಡೆಯುವುದು ಎಂದರು. ಮೊದಲ ಕ್ಯಾಸೆಟ್ಟು ಬಸ್ಸು, ಹೋಟೆಲುಗಳಲ್ಲೆಲ್ಲ ಮೊಳಗಿತು. ಮರುವರ್ಷ ಟೀವಿಯಲ್ಲಿ ಬೇರೊಬ್ಬಳು ಗೆದ್ದಳು. ಕಂಪನಿಯ ಫೋನು ನಿಂತುಹೋಯಿತು.

ಉಳಿದದ್ದು ಊರೂರಿನ ಆರ್ಕೆಸ್ಟ್ರಾ. ಮತ್ತೆ ಈಗ, ಪಂಪಣ್ಣ.

ಜಗಳದಿಂದ ಶುರುವಾದ ಮಾತು ಬಸ್‌ಸ್ಟ್ಯಾಂಡಿನ ಚಹಾದವರೆಗೆ ಬಂತು. 'ಮೇಡಂ' ಹೋಗಿ 'ಯಮನೂರಿ' ಆಯಿತು. ಆ ಹೆಸರು ಅವನ ಬಾಯಲ್ಲಿ ಕೇಳಿದಾಗಲೆಲ್ಲ ಅವಳಿಗೆ ಊರಿಗೆ ಹೋಗಿ ಬಂದಂತಾಗುತ್ತಿತ್ತು.

ಅಷ್ಟರಲ್ಲಿ ಕಂಪನಿಯಿಂದ ಕರೆ ಬಂತು! ಎರಡನೇ ಕ್ಯಾಸೆಟ್ಟು ಮಾಡಬಹುದು. ಲಿಂಗಸುಗೂರಿನ ಕಾರ್ಯಕ್ರಮಕ್ಕೆ ತಮ್ಮ ಮನುಷ್ಯ ಬಂದು ದನಿ ಕೇಳುತ್ತಾನೆ ಎಂದರು.

ಆ ವಾರವೆಲ್ಲ ಅವಳು ಬಿಡದೆ ಹಾಡಿಕೊಂಡಳು. ಒಂದು ಬೆಳಿಗ್ಗೆ ಉಗುಳಿನಲ್ಲಿ ರಕ್ತ ಕಂಡಿತು. ಪಂಪಣ್ಣನೂ ನೋಡಿದ.

"ಬ್ಯಾಡ ಯಮನೂರಿ, ಈ ಸಲ ಬಿಟ್ಟುಬಿಡು."

"ಇದು ಬಿಟ್ರ ನನಗ ಮತ್ತೇನೈತಿ?"

ಕಾರ್ಯಕ್ರಮದ ಸಂಜೆ ಅವಳು ಲಿಂಗಸುಗೂರಿನ ಮೈದಾನಕ್ಕೆ ಬಂದರೆ... ವೇದಿಕೆ ಖಾಲಿ! ಚಾಂದ್‌ಪಾಷಾ ವೈರು ಸುತ್ತುತ್ತಿದ್ದರು.

"ನಿಮಗ ತಬಿಯತ್ ಸರಿ ಇಲ್ಲಂತ ಪಂಪಣ್ಣ ಹೇಳಿದ್ನಲ್ಲಮ್ಮ? ಕಂಪನಿಯವರು ವಾಪಸ್ ಹೋದ್ರು."

ಅವಳು ಪಂಪಣ್ಣನ ಎದುರು ನಿಂತಳು.

"ನೀನೇ ಹೇಳಿದೇನು?"

"ಹೌದು. ನಾನ ಹೇಳೀನಿ."

"ನನ್ನ ಒಂದ್ ಮಾತು ಕೇಳಿದೇನು? ಕಂಪನಿಯವರು ನನ್ನ ಹೆಸರು ಬದ್ಲು ಮಾಡಿದ್ರು. ನೀ ನನ್ನ ಬದುಕನ್ನ ನಿಲ್ಲಿಸಿದಿ! ಅವರಿಗೂ ನಿನಗೂ ಏನು ಫರಕು?"

ಅವನು ತಲೆ ತಗ್ಗಿಸಿದ. ಅವಳು ತಿರುಗಿ ನೋಡದೆ ಹೋದಳು.

ಅವನ ಮಾತು ಸುಳ್ಳೆಂದು ತೋರಿಸಲೆಂದೇ ರಾಯಚೂರಿನ ಡಾಕ್ಟರ ಬಳಿ ಹೋದಳು. ಅವರು ಗಂಟಲಲ್ಲಿ ಬೆಳಕು ಬಿಟ್ಟು ನೋಡಿ ಗಂಭೀರರಾದರು. ಸ್ವರತಂತುವಿನ ಮೇಲೆ ಗಂಟು. ಹೀಗೇ ಕೂಗಿದ್ದರೆ ದನಿಯೇ ಹೋಗಬಹುದಿತ್ತು! ಮೂರು ತಿಂಗಳು ಪೂರ್ತಿ ಮೌನ. ಪಿಸುಮಾತೂ ಕೂಡದು.

'ಅವ ಹೇಳಿದ್ದು ಖರೆ ಇತ್ತು... ಆದ್ರ ನನ್ನ ಕೇಳಬೇಕಿತ್ತು...' ಅವಳು ಊರಿಗೆ ಬಂದು ಸುಮ್ಮನೆ ಕುಳಿತಳು. ಎರಡೂ ಮಾತು ನಿಜ. ಎರಡೂ ಎದೆಯಲ್ಲಿ ಕೂಡಿ ಕುದಿಯುತ್ತಿದ್ದವು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಪಂಪಣ್ಣ! ಅವ್ವ ಹೊಲಕ್ಕೆ ಹೋಗಿದ್ದಳು.

"ತಪ್ಪಾತು ಯಮನೂರಿ. ನಿನ್ನ ದನಿ ಉಳೀಲಿ ಅಂದೆ. ಆ ದನಿಗೇ ಕೇಳೋದು ಮರ್ತೆ." ಅವನ ಕಣ್ಣು ತುಂಬಿತ್ತು. "ನನ್ನ ಜೋಡಿ ಬಾಳ್ವಿ ಮಾಡ್ತಿಯೇನು? ಬ್ಯಾಡಂದ್ರ ಹೇಳಿಬಿಡು... ಹುಬ್ಬಳ್ಳಿ ಆರ್ಕೆಸ್ಟ್ರಾದವರು ಕರದಾರ. ಹೊಂಟುಬಿಡ್ತೀನಿ."

ಅವಳ ಬಾಯಿ ತೆರೆಯಿತು... ಡಾಕ್ಟರ ಮಾತು ನೆನಪಾಯಿತು. ಗಂಟಲ ಮೇಲೆ ಕೈ ಇಟ್ಟು, ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಮಾತಾಡುವಂತಿಲ್ಲ ಎಂಬುದು ಅವಳ ಅರ್ಥ.

ಅವನಿಗೆ ಬೇರೆಯೇ ಅರ್ಥವಾಯಿತು.

"ತಿಳೀತು..." ಎಂದು ಹೊರಟೇಬಿಟ್ಟ. ಅವಳು ಚಪ್ಪಲಿಯಿಲ್ಲದೆ ಓಡಿದಳು. ಬಸ್ಸು ಧೂಳೆಬ್ಬಿಸಿ ಮಸ್ಕಿಯ ಕಡೆ ಹೋಗಿಯಾಗಿತ್ತು.

ಓಡಿ ಹೊಲದಿಂದ ಅವ್ವನನ್ನು ಎಳೆದುಕೊಂಡು ಬಂದಳು. ಮಗಳ ಸನ್ನೆ ಕರೆಮ್ಮನಿಗೆ ಅರ್ಧವೇ ತಿಳಿಯಿತು, ಕಣ್ಣೀರು ಪೂರ್ತಿ ತಿಳಿಯಿತು. ಸಿಕ್ಕ ಆಟೋ ಹತ್ತಿದರು.

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿನ ಎಂಜಿನ್ ಶುರುವಾಗಿತ್ತು. ಯಮನೂರಮ್ಮ ನುಗ್ಗಿ ಹತ್ತಿ, ಕಿಟಕಿಯ ಪಕ್ಕ ಕುಳಿತಿದ್ದ ಪಂಪಣ್ಣನ ಅಂಗಿಯ ತೋಳು ಹಿಡಿದಳು. ಬಿಡಲಿಲ್ಲ.

ಬಾಗಿಲಲ್ಲಿ ನಿಂತು ಕರೆಮ್ಮ ಕೂಗಿದಳು:

"ಏ ತಮ್ಮಾ! ಮೂರು ತಿಂಗಳು ಮಾತಾಡಬ್ಯಾಡ ಅಂದಾರ ಡಾಕ್ಟ್ರು ಇಕೀಗೆ! ನೀ ಏನು ಕೇಳಿದ್ಯೋ ನನಗ ಗೊತ್ತಿಲ್ಲ. ಉತ್ತರ ಬರೂತನ ಕಾಯೋ ತಾಕತ್ತಿದ್ರ ಕೆಳಗಿಳಿ!"

ಬಸ್ಸೆಲ್ಲ ನಕ್ಕಿತು. ಪಂಪಣ್ಣ ಕೀಬೋರ್ಡ್ ಹೊತ್ತು ಕೆಳಗಿಳಿದ.

ಅವನು ವಾರವಾರವೂ ಸಂತೆಕಲ್ಲೂರಿಗೆ ಬಂದ. ಹುಬ್ಬಳ್ಳಿಯ ಕೆಲಸ ಬೇರೆಯವರ ಪಾಲಾಯಿತು. ಒಮ್ಮೆಯೂ ಅವನು ಉತ್ತರಕ್ಕೆ ಅವಸರಪಡಿಸಲಿಲ್ಲ. ಅವಳು ಸುಮ್ಮನೆ ಕೂತು, ತನಗೆ ಯಾವ ಹಾಡು ಬೇಕು, ಯಾವುದು ಬೇಡ ಎಂದು ಮೊದಲ ಬಾರಿಗೆ ಯೋಚಿಸಿದಳು.

ಡಾಕ್ಟರು ಮಾತಿಗೆ ಅಪ್ಪಣೆ ಕೊಟ್ಟ ಮರುದಿನ ಇಬ್ಬರೂ ಮಸ್ಕಿಯ ಬೆಟ್ಟ ಹತ್ತಿದರು. ಕೆಳಗೆ ಎಳೆಬಿಸಿಲು. ಅವಳ ದನಿ ಮೊದಲಿಗಿಂತ ದಪ್ಪವಾಗಿತ್ತು, ಒರಟಾಗಿತ್ತು.

"ಪಂಪಣ್ಣ... ಕಂಪನಿ ಬರಲಿ, ಬಿಡಲಿ. ಇನ್ನ ಮ್ಯಾಲ ಯಮನೂರಮ್ಮ ಅಂತನ ಹಾಡ್ತೀನಿ. ಕೇಳೋರು ಕಮ್ಮಿ ಆಗಬಹುದು."

"ನಾ ಮುಂದಿನ ಸಾಲಿನ್ಯಾಗ ಕುಂದರ್ತೀನಿ."

"ನೀ ಮುಂದ ಕುಂತ್ರ ಕೀಬೋರ್ಡ್ ಯಾರು ಬಾರಸ್ತಾರ?"

ಅವನು ನಕ್ಕ. ಅವಳು ನಗಲಿಲ್ಲ.

"ನನ್ನ ವಿಚಾರ ನನ್ನ ಕೇಳಲಾರದ ಮಾಡಬ್ಯಾಡ, ಎಂದೂ."

"ಮಾಡಂಗಿಲ್ಲ."

"ಹಂಗಾದ್ರ ಅವತ್ತು ಕೇಳಿದ್ದನ್ನ ಇನ್ನೊಮ್ಮಿ ಕೇಳು."

ಅವನು ಎದುರಿಗೆ ಬಂದು ನಿಂತ. "ನನ್ನ ಜೋಡಿ... ಬಾಳ್ವಿ..."

ಅವಳು ಅವನ ಬಾಯಿಯ ಮೇಲೆ ಮೆಲ್ಲಗೆ ಕೈ ಇಟ್ಟಳು.

"ಹ್ಞೂಂ. ಅವತ್ತೂ ಹ್ಞೂಂನ ಇತ್ತು, ಹುಚ್ಚಪ್ಪಾ!"