ಇನ್ನೊಂದು ಹೋಳು

ಎಪ್ಪತ್ತೊಂಬತ್ತರ ಮಳೆಗೆ ನಮ್ಮೂರ ಕೆರೆ ತುಂಬಿ, ಏರಿ ಜಿನುಗತೊಡಗಿತು ನೋಡಿ. ತೂಬು ತೆಗೆದು ನೀರು ಬಿಡದಿದ್ದರೆ ಏರಿ ಒಡೆದು ಊರೇ ಕೊಚ್ಚಿಹೋಗುತ್ತಿತ್ತು. ಮುಳುಗಿ ತೂಬು ತೆಗೆಯಬಲ್ಲವನು ನೀರಗಂಟಿ ಹುಚ್ಚರಂಗಣ್ಣ ಒಬ್ಬನೇ. ಇಳಿಯುವ ಮುಂಚೆ ಕಾಯಿ ಒಡೆದು, ಒಂದು ಹೋಳು ತೂಬಿನ ಕಲ್ಲಿಗಿಟ್ಟು, ಮೇಲೆದ್ದು ಬಂದಮೇಲೆ ಇನ್ನೊಂದನ್ನು ಹೆಂಡತಿ ಭೈರಮ್ಮನಿಗೆ ಒಯ್ಯುತ್ತಿದ್ದ. ಅವನು ಸತ್ತು ವರ್ಷವಾಗಿತ್ತು.

ಮಳೆ ನಿಂತ ಬೆಳಗ್ಗೆ, ನಾನೇ ಮುಳುಗುತ್ತೇನೆಂದು ಏರಿ ಹತ್ತಿದರೆ, ಕಾಲುವೆ ಆಗಲೇ ಭೋರೆಂದು ಹರಿಯುತ್ತಿತ್ತು. ತೂಬಿನ ಕಲ್ಲಿನ ಮೇಲೆ ಆಗಷ್ಟೇ ಒಡೆದ ಕಾಯಿಯ ಹೋಳಿತ್ತು.

"ಯಾರ್ಲಾ ಇಳ್ದೋರು?" ಎಂದು ಊರವರ ಜೊತೆ ಬಂದಿದ್ದ ಪಟೇಲ ಲಕ್ಷ್ಮಯ್ಯ ಕೂಗಿದ. ನೆರೆದವರಲ್ಲಿ ಒಬ್ಬರ ತಲೆಯೂ ಒದ್ದೆಯಾಗಿರಲಿಲ್ಲ.

ಭೈರಮ್ಮ ನಕ್ಕುಬಿಟ್ಟಳು. "ಬದ್ಕಿದ್ದಾಗ ಹತ್ ಸಲ ಕೂಗುದ್ರೂ ಬತ್ತಿರ್ಲಿಲ್ಲ, ಈಗ್ ನೋಡಪ್ಪ!"

ಊರು ಉಳಿಯಿತಲ್ಲ, ನಾವೂ ನಕ್ಕೆವು.

ಅವಳ ಜೊತೆ ಮನೆಯವರೆಗೆ ಹೋದೆ. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗೆ ಒರಳಿನ ಮೇಲೆ, ಕೆರೆಯ ಕೆಸರು ಮೆತ್ತಿಕೊಂಡು, ಇನ್ನೊಂದು ಹೋಳು ಕೂತಿತ್ತು.