ಬಿಡುವನ್ನು ನುಂಗಿದ ಮಾಂತ್ರಿಕನೂ ಓಲೆಕಾರ ಕೇತನೂ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ತಿರುಗಣಿಪುರವೆಂಬ ರಾಜ್ಯವಿತ್ತು. ಅಲ್ಲಿ ಮದುವೆಯಾದವರೆಲ್ಲ ವರ್ಷಕ್ಕೊಮ್ಮೆ ಅರಮನೆಯಲ್ಲಿ ಜೋಡಿ ಕುಣಿಯಬೇಕು. ಗಂಡನ ಅಂಗೈ ಹೆಂಡತಿಯ ಬೆನ್ನ ಮೇಲೆ, ಹೆಂಡತಿಯ ಕೈ ಗಂಡನ ಹೆಗಲ ಮೇಲೆ. ಮದ್ದಳೆ 'ತಕಿಟ ತಕಿಟ' ಎಂದು ಮೂರು ಮೂರಾಗಿ ನುಡಿದಂತೆ ಸುತ್ತುತ್ತ ಹೋಗಬೇಕು.

ಓಲೆಕಾರ ಕೇತನಿಗೆ ಮಾತ್ರ ಇದು ಒಗ್ಗಲೇ ಇಲ್ಲ. ರಾಜನ ಓಲೆ ಹೊತ್ತು ಊರೂರು ಓಡುವ ಕಾಲು ಅವನದು, ನಿಂತಲ್ಲಿ ನಿಲ್ಲದು. ಮದ್ದಳೆಯ ಪೆಟ್ಟಿಗೆ ಮೊದಲೇ ಅವನ ಹೆಜ್ಜೆ ಬಿದ್ದಿರುತ್ತಿತ್ತು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋನು ನೀನು!" ಎಂದು ಹೆಂಡತಿ ಸೋವಲೆ ತುಳಿಸಿಕೊಂಡ ಕಾಲ್ಬೆರಳು ನೀವಿಕೊಳ್ಳುತ್ತ ಬೈಯುತ್ತಿದ್ದಳು.

ಒಂದು ವರ್ಷ ಕುಣಿತದ ದಿನ ಕೇತ ಗಡಿಯಿಂದ ಬರುವುದು ತಡವಾಯಿತು. ಅಷ್ಟರಲ್ಲಿ ನಿಮಿಷಭಕ್ಷನೆಂಬ ಮಾಂತ್ರಿಕ ಅರಮನೆಗೆ ನುಗ್ಗಿ, ಪೆಟ್ಟು ಪೆಟ್ಟಿನ ನಡುವಿನ ಬಿಡುವನ್ನೆಲ್ಲ ನುಂಗಿಬಿಟ್ಟ. ಬಿಡುವೇ ಇಲ್ಲದ ಮೇಲೆ ನಿಲ್ಲುವುದೆಲ್ಲಿ? ಮದ್ದಳೆ ಒಂದೇ ಸಮನೆ ಗುಡುಗಿತು. ರಾಜ ರಾಣಿಯಿಂದ ಹಿಡಿದು ಅಗಸ ಅಗಸಗಿತ್ತಿಯವರೆಗೆ ಎಲ್ಲರೂ ಗಿರಗಿರ ಸುತ್ತುತ್ತಲೇ ಇದ್ದರು. ಊರಲ್ಲಿ ಹಾಲು ಹೆಪ್ಪಾಗಲಿಲ್ಲ, ತೊಟ್ಟಿಲ ಕೂಸು ಕಣ್ಣು ಮುಚ್ಚಲಿಲ್ಲ, ಎತ್ತು ಮೆಲುಕು ಹಾಕಲಿಲ್ಲ. ಸೋವಲೆ ಗಾಳಿಯ ಮೇಲೆ ಕೈಯಿಟ್ಟು ಒಬ್ಬಳೇ ಸುತ್ತುತ್ತಿದ್ದಳು. ಅವಳ ಕಣ್ಣು ಮುಚ್ಚಿತ್ತು, ತುಟಿ ಬಿಳಚಿಹೋಗಿತ್ತು. ಆಗಷ್ಟೇ ಓಡಿಬಂದ ಕೇತ ಅದನ್ನು ಕಂಡು ಕೂಗಿದ.

"ಬಿಡೋ ಅವಳನ್ನ!"

ಮಾಂತ್ರಿಕ ಸಿಂಹಾಸನದಲ್ಲಿ ಕೂತು ನಕ್ಕ. "ಮೂರು ಜೊತೆಗಾರರೊಂದಿಗೆ ಮೂರು ಸುತ್ತು ಕುಣಿ. ಮೂರನೆಯದನ್ನು ತಪ್ಪದೆ ಮುಗಿಸಿದರೆ ಎಲ್ಲರಿಗೂ ಬಿಡುಗಡೆ. ತಪ್ಪಿದ ಒಂದೊಂದು ಹೆಜ್ಜೆಗೆ ನಿನ್ನ ಒಂದೊಂದು ವರ್ಷ ನನ್ನ ಹೊಟ್ಟೆಗೆ."

ಮೊದಲು ಆಳೆತ್ತರದ ಕೊಕ್ಕರೆ ಬಂತು. ಕೇತನ ಹೆಗಲ ಮೇಲೆ ರೆಕ್ಕೆಯಿಟ್ಟು ಒಂಟಿಕಾಲಲ್ಲಿ ನಿಂತಿತು. ನಿಂತೇ ಇತ್ತು. ಕೇತನಿಗೆ ಅಂಗಾಲು ತುರಿಸಿತು. ತಡೆಯಲಾರದೆ ಎಳೆದ, ಮತ್ತೆ ಎಳೆದ. ಸುತ್ತು ಮುಗಿಯುವಷ್ಟರಲ್ಲಿ ಹನ್ನೆರಡು ವರ್ಷ ಹೋಗಿ ಮೀಸೆ ನರೆತಿತ್ತು.

"ನಿಂತಿರೋದೂ ಕುಣಿತಾನೇ ಕಣಪ್ಪಾ," ಎಂದು ಕೊಕ್ಕರೆ ಮರುಗಿ ಹಾರಿಹೋಯಿತು.

ಎರಡನೆಯದಾಗಿ ಕರಡಿ ಬಂತು. ಈ ಸಲ ಕೇತ ಭಾರಿ ಜಾಣನಂತೆ ಒಂದು, ಎರಡು, ಮೂರು ಎಂದು ಎಣಿಸತೊಡಗಿದ. ಕರಡಿಯೋ ಎರಡರಲ್ಲಿ ತೂಗಾಡಿ ಮೂರನ್ನು ನಿಧಾನವಾಗಿ ಇಳಿಸುತ್ತಿತ್ತು. ಇವನ ಎಣಿಕೆ ಎಲ್ಲೋ, ಕರಡಿಯ ಕಾಲು ಎಲ್ಲೋ. ಮತ್ತೆ ಒಂಬತ್ತು ವರ್ಷ ಹೋಗಿ ಮಂಡಿ ನಡುಗಿತು.

"ಬಾಯಿ ಮುಚ್ಚೋ! ಬೆನ್ನ ಮೇಲೆ ಕೈ ಇಟ್ಟಿದ್ದೀಯಲ್ಲ, ಅದರಲ್ಲಿ ಕೇಳಿಸ್ಕೋ," ಎಂದು ಕರಡಿ ಗದರಿ ಹೋಯಿತು.

ಮೂರನೆಯವಳು ಸೋವಲೆ.

"ಇವಳೊಡನೆ ತಪ್ಪಿದರೆ ಹೋಗುವುದು ನಿನ್ನ ಆಯಸ್ಸಲ್ಲ, ಇವಳದು. ಒಂದೇ ತಪ್ಪು ಸಾಕು," ಎಂದ ಮಾಂತ್ರಿಕ.

ಕೇತ ಅವಳ ಬೆನ್ನ ಮೇಲೆ ಅಂಗೈಯಿಟ್ಟ. ಮದ್ದಳೆ ಇನ್ನಷ್ಟು ಜೋರಾಗಿ ಗುಡುಗಿತು. "ಬೇಗ! ಅವಳು ಸಾಯ್ತಿದ್ದಾಳೆ, ಹೆಜ್ಜೆ ಹಾಕೋ!" ಎಂದು ಮಾಂತ್ರಿಕ ಕಿರುಚಿದ. ಕೇತನ ಕಾಲು ಓಡಲು ಚಡಪಡಿಸಿತು, ಕಣ್ಣಲ್ಲಿ ನೀರು ಬಂತು. ಭಯದಿಂದ ಸತ್ತೇಹೋಗುವಂತಾಯಿತು. ಆದರೂ ಹಲ್ಲು ಕಚ್ಚಿ ಕಾದ.

ಅಂಗೈಯಡಿ ತೆಳ್ಳಗೆ ಒಂದು ಉಸಿರು ಏರಿತು. ಇಳಿಯುವ ಮೊದಲು ಚೂರೇ ಚೂರು ನಿಂತಿತು. ಮಾಂತ್ರಿಕನ ಬಾಯಿಗೆ ಸಿಗದೆ ಉಳಿದಿದ್ದ ಬಿಡುವು ಅದೊಂದೇ. ಅದು ಮುಗಿಯಿತು, ಇಬ್ಬರ ಹೆಜ್ಜೆಯೂ ಒಟ್ಟಿಗೇ ಬಿತ್ತು. ಮತ್ತೆ ಉಸಿರು, ಮತ್ತೆ ಹೆಜ್ಜೆ. ಪಕ್ಕದ ಜೋಡಿ ಅದನ್ನು ನೋಡಿ ಹಿಡಿಯಿತು, ಅವರಿಂದ ಅವರ ಪಕ್ಕದ ಜೋಡಿ, ಕೊನೆಗೆ ಮದ್ದಳೆಯವನೂ ಹಿಡಿದ.

ಸುತ್ತು ಮುಗಿಯುತ್ತಲೇ ಮಾಂತ್ರಿಕನಿಗೆ ಬಿಕ್ಕಳಿಕೆ ಹತ್ತಿತು. ಒಂದೊಂದು ಬಿಕ್ಕಿಗೂ ಒಂದೊಂದು ಬಿಡುವು ಹೊರಬಂತು. ಬಿಕ್ಕಿ ಬಿಕ್ಕಿ ಬಡವಾಗಿ ಅವನು ಸೊಳ್ಳೆಯಾದ, ಗುಂಯ್‌ಗುಡುತ್ತ ಕಿಟಕಿಯಿಂದಾಚೆ ಹೋದ. ಊರಲ್ಲಿ ಹಾಲು ಹೆಪ್ಪಾಯಿತು, ಕೂಸು ಮಲಗಿತು. ಕೇತನ ಇಪ್ಪತ್ತೊಂದು ವರ್ಷ ಮಾತ್ರ ಮಾಂತ್ರಿಕನ ಹೊಟ್ಟೆಯಲ್ಲಿ ಅರಗಿಹೋಗಿತ್ತು.

ಸೋವಲೆ ಕಣ್ಣು ಬಿಟ್ಟು ಅವನ ಬಿಳಿ ಮೀಸೆ ಮುಟ್ಟಿದಳು. "ಇಷ್ಟು ವರ್ಷ ಎಲ್ಲಿದ್ದೆ?"

"ಬರ್ತಾ ಇದ್ದೆ ಕಣೇ," ಎಂದ ಕೇತ.

ಅವಳು ಅತ್ತಳು, ನಕ್ಕಳು, ಕೈ ಬಿಡಲಿಲ್ಲ. ಆಮೇಲೆ ತಿರುಗಣಿಪುರದವರೆಲ್ಲ ನೆಮ್ಮದಿಯಾಗಿದ್ದರು. ಉಳಿದ ವರ್ಷಗಳಲ್ಲಿ ಒಂದು ದಿನವನ್ನೂ ಹಾರಿಸದೆ ಅವರಿಬ್ಬರೂ ಸುಖವಾಗಿ ಬಾಳಿದರು.