ಗುಡಾಣ–ಕಡ್ಡಿ ಜೋಡಿಯ ನಾಲ್ಕನೇ ರೀಲು

ಸಂಜೆಯ ಆಟದ ಟಿಕೆಟ್ಟುಗಳು ಪೂರ್ತಿ ಮಾರಾಟವಾಗಿ ಮಾಯವಾಗಿದ್ದವು. ಅವುಗಳ ಹಿಂದೆಯೇ ಸಿನಿಮಾದ ನಾಲ್ಕನೇ ರೀಲೂ ಮಾಯವಾಗಿತ್ತು. ಟಾಕೀಸಿನ ಮ್ಯಾನೇಜರ್ ಬೆವರೊರೆಸುತ್ತ ಮಹಡಿಗೆ ಓಡಿದ. ಅಲ್ಲಿ ವಾಸವಿದ್ದ ಅವನ ದೊಡ್ಡಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿದ್ದರೂ ಅನುಮಾನದಿಂದ ನಿವೃತ್ತರಾಗಿರಲಿಲ್ಲ.

ಗುಡಾಣ, ಕಡ್ಡಿ ಎಂಬ ಹಾಸ್ಯ ಜೋಡಿ ಪ್ರಾಯದಲ್ಲಿ ಮಾಡಿದ ಒಂದೇ ಒಂದು ಪತ್ತೇದಾರಿ ಚಿತ್ರವದು. ಅವರಿಬ್ಬರ ದನಿ ಅನುಕರಿಸಿಯೇ ಮ್ಯಾನೇಜರ್ ಕಾಲೇಜಿನಲ್ಲಿ ಹೆಸರು ಮಾಡಿದ್ದ. ಇಲ್ಲಿನ ಪ್ರತಿಗಳೆಲ್ಲ ಹಾಳಾಗಿ, ಹೊರದೇಶದ ಉಗ್ರಾಣವೊಂದರಲ್ಲಿ ಸಿಕ್ಕ ಪ್ರತಿ ಆ ಮಧ್ಯಾಹ್ನವಷ್ಟೇ ಬಂದಿತ್ತು. ಆಪರೇಟರ್ ಅದನ್ನಿನ್ನೂ ಓಡಿಸಿ ನೋಡಿರಲಿಲ್ಲ. ಊಟ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ಖಾಲಿ.

ಆಟಕ್ಕೆ ಮುನ್ನ ವೇದಿಕೆ ಹತ್ತಲು ಆ ಜೋಡಿಯೂ ಬಂದಿತ್ತು. ಪ್ರೊಜೆಕ್ಟರ್ ಕೋಣೆಯ ಪಕ್ಕದ ಮೇಕಪ್ ಕೋಣೆಯಲ್ಲಿ ಕಡ್ಡಿ ಕುಸಿದು ಕೂತಿದ್ದ. ಕಡ್ಡಿಯೊಬ್ಬನೇ ನಟಿಸಿದ್ದ ದೃಶ್ಯ ಲ್ಯಾಬಿನಲ್ಲಿ ಸುಟ್ಟುಹೋಯಿತೆಂದು ಗುಡಾಣ ಹಿಂದೆಯೇ ಹೇಳಿದ್ದ. ಈ ಪ್ರತಿಯಲ್ಲಾದರೂ ಉಳಿದಿರಬಹುದೇ, ಸಾಯುವ ಮೊದಲು ಒಮ್ಮೆ ನೋಡಬಹುದೇ ಎಂಬ ಆಸೆ ಅವನದು. ಅದು ಯಾವ ರೀಲಿನಲ್ಲಿದೆಯೆಂದೂ ಅವನಿಗೆ ತಿಳಿದಿರಲಿಲ್ಲ.

ಗುಡಾಣ ಗೋಡೆಗೊರಗಿ ನಿಂತೇ ಸಮಾಧಾನ ಹೇಳುತ್ತಿದ್ದ. ವಯಸ್ಸಿಗೆ ಬೊಜ್ಜು ಕರಗಿದ್ದರಿಂದ, ವೇದಿಕೆ ಹತ್ತುವಾಗ ಅಂಗಿಯೊಳಗೆ ದಿಂಬು ಕಟ್ಟಿಕೊಳ್ಳುವುದು ಅವನ ರೂಢಿ. ಮ್ಯಾನೇಜರ್ ಕುರ್ಚಿಯ ಮೇಲಿದ್ದ ದಿಂಬನ್ನು ಸರಿಸಿ, ಕೂತ್ಕೊಳ್ಳಿ ಎಂದರೂ ಅವನು ಕೂರಲಿಲ್ಲ.

ಎದುರಿನ ಟಾಕೀಸಿನವರದೇ ಕಿತಾಪತಿ ಎಂದು ಮ್ಯಾನೇಜರ್ ಹಾರಾಡಿದ. ದೊಡ್ಡಮ್ಮ ಎಲ್ಲರನ್ನೂ ಅದೇ ಕೋಣೆಯಲ್ಲಿ ಸೇರಿಸಿದರು.

"ಆಟ ಕೆಡಿಸೋನು ಕೊಲೆಗಾರ ಸಿಕ್ಕಿಬೀಳೋ ಕೊನೇ ರೀಲು ಕದೀತಾನೆ. ನಾಲ್ಕನೇದನ್ನೇ ಆರಿಸಿದೋನಿಗೆ ಅದರೊಳಗೆ ಏನಿದೆ ಅಂತ ಗೊತ್ತಿತ್ತು. ಆಪರೇಟರ್ ನೋಡಿಲ್ಲ, ಕಡ್ಡಿಯವರೂ ನೋಡಿಲ್ಲ. ಸಿನಿಮಾ ಮಾಡ್ದಾಗ ನಿಮ್ಮಿಬ್ಬರಲ್ಲಿ ಎಡಿಟಿಂಗಿಗೆ ಕೂತಿದ್ದೋರು ಯಾರು?"

ಕಡ್ಡಿ ನಿಧಾನವಾಗಿ ಕತ್ತೆತ್ತಿ ಗುಡಾಣನನ್ನು ನೋಡಿದ. "ಅಣ್ಣ ಒಬ್ಬನೇ."

"ದಿಂಬು ಇಲ್ಲಿ ಬಿದ್ದಿದೆ," ಎಂದು ದೊಡ್ಡಮ್ಮ ಅದನ್ನು ಎತ್ತಿ ಗುಡಾಣನಿಗೆ ತೋರಿಸಿದರು. "ಹಾಗಾದ್ರೆ ನಿಮ್ಮ ಅಂಗಿಯೊಳಗೆ ಉಬ್ಬಿರೋದು ಯಾವ ಹೊಟ್ಟೆ ಸ್ವಾಮಿ? ಕೂತ್ರೆ ಬಾಗಬೇಕಾಗುತ್ತೆ ಅಂತ ತಾನೇ ಆಗಿನಿಂದ ನಿಂತಿರೋದು?"

ಗುಡಾಣ ಗುಂಡಿ ಬಿಚ್ಚಿದ. ಬಟ್ಟೆ ಸುತ್ತಿದ ರೀಲು ಹೊರಬಂತು. ಮೊದಲ ಪ್ರತಿ ಹೊರದೇಶಕ್ಕೆ ಹೋದ ಮೇಲೆ, ಉಳಿದವುಗಳಿಂದ ಆ ದೃಶ್ಯವನ್ನು ತಾನೇ ತೆಗೆಸಿದ್ದಾಗಿ ಒಪ್ಪಿಕೊಂಡ.

"ಬಿಡುಗಡೆಗೆ ಮುಂಚೆ ಲ್ಯಾಬಿನಲ್ಲಿ ತೋರಿಸಿದಾಗ, ಜನ ನಿನ್ನೊಬ್ಬನಿಗೇ ಹಾಗೆ ನಗೋದನ್ನ ಕೇಳಿದೆ ಕಣೋ. ಇನ್ನು ಇವನಿಗೆ ನಾನ್ಯಾಕೆ ಬೇಕು ಅನ್ನಿಸ್ತು."

"ಒಬ್ಬನೇ ನಿಂತ್ರೆ ಯಾರೂ ನಗಲ್ಲ ಅಂತ ನೀನೇ ಹೇಳಿದ್ದೆ," ಎಂದ ಕಡ್ಡಿ. "ನಂಬಿದ್ದೆನಲ್ಲ ಅಣ್ಣಾ."

ಮ್ಯಾನೇಜರಿಗೆ ತಾನು ಅನುಕರಿಸುತ್ತಿದ್ದ ಕಡ್ಡಿಯ ದನಿಯೇ ಅಪರಿಚಿತವೆನಿಸಿತು.

ಆಟ ಹೊತ್ತಿಗೆ ಸರಿಯಾಗಿ ಶುರುವಾಯಿತು. ನಾಲ್ಕನೇ ರೀಲಿನಲ್ಲಿ ಎಳೆಯ ಕಡ್ಡಿ, ಗುಡಾಣ ಹೇಳಿಕಳಿಸಿದ ಸುಳ್ಳನ್ನು ನಂಬಿ, ಗೂಟಕ್ಕೆ ತೂಗುಹಾಕಿದ ಕೋಟನ್ನೇ ಕೊಲೆಗಾರನೆಂದು ವಿಚಾರಣೆ ನಡೆಸಿದ. ಗದರಿದ, ಬೇಡಿಕೊಂಡ, ಕೊನೆಗೆ ಅದರ ತೋಳು ಹಿಡಿದು ಕ್ಷಮೆ ಕೇಳಿದ. ಟಾಕೀಸು ನಗೆಯಲ್ಲಿ ಬಿರಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುಂದಿನ ಸಾಲಿನ ಮುದುಕ ಕಡ್ಡಿ. ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕ. ಪಕ್ಕದಿಂದ ಗುಡಾಣನ ಕೈ ಹೆಗಲ ಮೇಲೆ ಬಂತು. ನಗು ನಿಲ್ಲಿಸದೆಯೇ ಅವನು ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ.